ಬಾಗಿಲ ಬಳಿಯ ಬೆಳ್ಳಿ ಚೀಲ

ಟೋಕಿಯೊದ ಪೂರ್ವದಂಚಿನಲ್ಲಿ ನಿಶಿ-ಕಸಾಯ್ ಎಂಬ ಬಡಾವಣೆಯಿದೆ. ಅಲ್ಲಿನ ಮೆಟ್ರೊ ಸ್ಟೇಷನ್ನಿನಿಂದ ಹೊರಬಂದು ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಹಿಂದಿ, ತಮಿಳು, ತೆಲುಗು ಕಿವಿಗೆ ಬೀಳುತ್ತವೆ. ಅದೃಷ್ಟವಿದ್ದರೆ ಕನ್ನಡವೂ. 2000ನೇ ಇಸವಿಯ ಆಸುಪಾಸಿನಲ್ಲಿ ಕಂಪ್ಯೂಟರ್ ಕೆಲಸಕ್ಕೆಂದು ಬಂದ ಭಾರತೀಯರು ಒಬ್ಬರ ಹಿಂದೊಬ್ಬರು ಇಲ್ಲಿ ಮನೆ ಮಾಡಿದರು. ಈಗ ತೊಗರಿಬೇಳೆ, ಸಾಸಿವೆ, ಹಪ್ಪಳ ಸಿಗುವ ಅಂಗಡಿಗಳೂ ಇವೆ. ನನ್ನ ತಂಗಿಯ ಸಂಸಾರ ಇರುವುದು ಇಲ್ಲೇ, ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ. ಕಳೆದ ವರ್ಷ ಆಗಸ್ಟ್ ಕೊನೆಗೆ ಮೂರು ವಾರ ಅವಳಲ್ಲಿಗೆ ಹೋಗಿದ್ದೆ.

ನಗರದ ನಡುವಿನಿಂದ ಬರುವ ರೈಲು ಸುರಂಗ ಬಿಟ್ಟು ಮೇಲೆದ್ದು, ಅರಕಾವಾ ಹೊಳೆಯ ಸೇತುವೆ ದಾಟಿ ನಿಶಿ-ಕಸಾಯ್ ಸೇರುತ್ತದೆ. ಹೊಳೆಯ ಎರಡೂ ಬದಿಗೆ ಎತ್ತರದ ಏರಿ. ಏರಿಯ ಮೇಲೆ ಸೈಕಲ್ ಹೊಡೆಯುವ ಮಕ್ಕಳು, ನಾಯಿ ಹಿಡಿದು ನಡೆಯುವ ಅಜ್ಜ-ಅಜ್ಜಿಯರು. ನೋಡಲು ಬಲು ಸೊಗಸು. ಆದರೆ ಇದು ತಾನಾಗಿ ಹರಿದ ಹೊಳೆಯಲ್ಲ, ಜನ ಅಗೆದ ಹೊಳೆ. 1910ರ ಪ್ರವಾಹದಲ್ಲಿ ಟೋಕಿಯೊದ ತಗ್ಗಿನ ಭಾಗಗಳೆಲ್ಲ ಮುಳುಗಿದವು. ಆಮೇಲೆ ನೀರನ್ನು ಊರ ಪಕ್ಕದಿಂದಲೇ ಸಮುದ್ರಕ್ಕೆ ಸಾಗಿಸಲು 22 ಕಿ.ಮೀ. ಉದ್ದದ ಈ ದಾರಿ ತೋಡಿದರು. ಕೆಲಸ ಪೂರ್ತಿ ಮುಗಿದದ್ದು 1930ರಲ್ಲಿ.

ಏರಿಯ ಮೇಲೆ ನಿಂತು ತಂಗಿ ಒಮ್ಮೆ ಹೊಳೆಯ ಕಡೆ, ಒಮ್ಮೆ ಮನೆಗಳ ಕಡೆ ಕೈ ತೋರಿಸಿದಳು. “ಅಕ್ಕಾ, ನಮ್ಮ ಓಣಿಗಿಂತ ಹೊಳಿನs ಮ್ಯಾಲೈತಿ ನೋಡು” ಅಂದಳು. ಮಾತು ನಿಜ. ನಿಶಿ-ಕಸಾಯ್ ಸೇರಿದ ಎಡೊಗಾವಾ ವಾರ್ಡಿನ ಶೇಕಡಾ 70ರಷ್ಟು ನೆಲ, ಉಬ್ಬರದ ಹೊತ್ತಿನ ಸಮುದ್ರದ ಮಟ್ಟಕ್ಕಿಂತ ಕೆಳಗಿದೆ. 2019ರಲ್ಲಿ ಅಲ್ಲಿನ ಆಡಳಿತ ಮನೆಮನೆಗೆ ಹಂಚಿದ ಪ್ರವಾಹ ನಕ್ಷೆಯ ಮುಖಪುಟದಲ್ಲೇ ‘ಇಲ್ಲಿ ಇರಬೇಡಿ’ ಎಂಬರ್ಥದ ಮಾತು ಅಚ್ಚಾಗಿದೆ. ದೊಡ್ಡ ನೆರೆ ಬಂದರೆ ನೀರು ಒಂದೆರಡು ವಾರ ಇಳಿಯದೆ ನಿಲ್ಲಬಹುದು. ಮೇಲಿನ ಮಹಡಿಯಲ್ಲಿ ಕೂತವರಿಗೂ ಕರೆಂಟಿಲ್ಲ, ನಲ್ಲಿಯಿಲ್ಲ, ಶೌಚಾಲಯವಿಲ್ಲ. ಅದಕ್ಕೇ ಮುಂಚೆಯೇ ಹೊರಡಿ ಎಂದು ಮುಲಾಜಿಲ್ಲದೆ ಹೇಳಿದ್ದಾರೆ.

ಜನ ಹೆದರಿ ಊರು ಬಿಟ್ಟಿಲ್ಲ. ಬಾಗಿಲ ಬಳಿ ಚೀಲ ಕಟ್ಟಿಟ್ಟುಕೊಂಡು ನೆಮ್ಮದಿಯಾಗಿದ್ದಾರೆ.

ಒಂದೇ ವರ್ಷ, ಎರಡು ಹೊಳೆ

ಆ ಚೀಲದ ಬೆಲೆ ನಮ್ಮ ಮನೆಗೆ ತಿಳಿದದ್ದು 2019ರಲ್ಲಿ. ನಮ್ಮ ತವರು ಬಾಗಲಕೋಟೆ ಜಿಲ್ಲೆಯಲ್ಲಿ, ಕೃಷ್ಣೆಯ ದಂಡೆಯ ಮೇಲೆ. ಆ ವರ್ಷ ಆಗಸ್ಟಿನಲ್ಲಿ ಮಹಾರಾಷ್ಟ್ರದ ಘಟ್ಟಗಳಲ್ಲಿ ಸುರಿದ ಮಳೆಗೆ ಕೃಷ್ಣೆ ಉಕ್ಕಿ ಬಂದಳು. ಊರಲ್ಲಿ ಡಂಗುರ ಸಾರಿದರು. ತಮ್ಮ ಮೊದಲು ದನ ಬಿಚ್ಚಿದ, ಮಕ್ಕಳನ್ನು ಟ್ರ್ಯಾಕ್ಟರಿಗೆ ಹತ್ತಿಸಿದ. ಅವ್ವನೂ ಹತ್ತಿದಳು. ಟ್ರ್ಯಾಕ್ಟರ್ ಊರ ಅಗಸೆ ದಾಟುವಾಗ ಅವಳಿಗೆ ಟ್ರಂಕಿನಲ್ಲಿದ್ದ ಹೊಲದ ಉತಾರ, ಪಾಸ್‌ಬುಕ್ ನೆನಪಾದವು. ಇಳಿದು ಹಿಂದಕ್ಕೆ ನಡೆದೇಬಿಟ್ಟಳು. ಮೊಣಕಾಲುದ್ದವಿದ್ದ ನೀರು ಅವಳು ಓಣಿ ಮುಟ್ಟುವಷ್ಟರಲ್ಲಿ ಸೊಂಟಕ್ಕೆ ಬಂದಿತ್ತು. ಊರಿನ ಇಬ್ಬರು ಹುಡುಗರು ಕೈ ಹಿಡಿದು ಎಳೆದು ತಂದದ್ದರಿಂದ ಅವ್ವ ಇವತ್ತು ನಮ್ಮ ಜೊತೆಗಿದ್ದಾಳೆ. ಟ್ರಂಕು ಅಲ್ಲೇ ಉಳಿಯಿತು. ಪರಿಹಾರ ಕೇಂದ್ರದಲ್ಲಿ ಮೂರು ದಿನ ಅವಳಿಗೆ ಬಿ.ಪಿ. ಗುಳಿಗೆ ಇರಲಿಲ್ಲ. ನೀರು ಇಳಿದ ಮೇಲೆ ನೋಡಿದರೆ ಕಾಗದಗಳೆಲ್ಲ ನೆನೆದ ಹಿಟ್ಟು. ಹೊಸ ನಕಲು ಮಾಡಿಸಲು ತಮ್ಮ ತಿಂಗಳುಗಟ್ಟಲೆ ಓಡಾಡಿದ.

ಎರಡೇ ತಿಂಗಳ ನಂತರ, ಅಕ್ಟೋಬರ್ 12ರಂದು, ಹಗಿಬಿಸ್ ಎಂಬ ಚಂಡಮಾರುತ ಟೋಕಿಯೊ ಕಡೆ ಬಂತು. ಎಡೊಗಾವಾದಲ್ಲಿ 30 ಸಾವಿರಕ್ಕೂ ಹೆಚ್ಚು ಜನ ಮನೆ ಬಿಟ್ಟು ಶಾಲೆ ಮೊದಲಾದ ಕಡೆ ಸೇರಿದರು. ತಂಗಿ, ಅವಳ ಗಂಡ, ಆಗಿನ್ನೂ ಎರಡು ವರ್ಷದ ಮಗಳು ಹತ್ತು ನಿಮಿಷದಲ್ಲಿ ಹೊರಬಿದ್ದರಂತೆ. ಗುಳಿಗೆ, ಕಾಗದ, ಮಗುವಿನ ಹಾಲಿನ ಪುಡಿ ಎಲ್ಲವೂ ಜೊತೆಗಿದ್ದವು. ಅರಕಾವಾದ ಏರಿ ಒಡೆಯಲಿಲ್ಲ, ಮಾರನೆಯ ದಿನ ಮನೆಗೆ ಮರಳಿದರು. ಅವ್ವ ಹೊರಟದ್ದಕ್ಕೂ ಮಗಳು ಹೊರಟದ್ದಕ್ಕೂ ಇದ್ದ ವ್ಯತ್ಯಾಸ ಒಂದು ಚೀಲದ್ದು.

ಚೀಲದಲ್ಲಿ ಏನಿತ್ತು?

ತಂಗಿಯ ಮನೆಯಲ್ಲಿ ಚಪ್ಪಲಿ ಬಿಡುವ ಜಾಗದ ಪಕ್ಕದ ಗೂಟಕ್ಕೆ ಅದು ನೇತಾಡುತ್ತದೆ. ಬೆಳ್ಳಿ ಬಣ್ಣದ, ಬೆನ್ನಿಗೆ ಹಾಕುವ ಚೀಲ. ಬೆಂಕಿಯ ಕಿಡಿಗೆ ಬೇಗ ಹೊತ್ತಿಕೊಳ್ಳದ ಬಟ್ಟೆ. ಪಕ್ಕದಲ್ಲೇ ಸೊಸಿಯ ಪುಟಾಣಿ ಚೀಲ. “ದೊಡ್ಡಮ್ಮಾ, ನಾನು ತೋರಿಸ್ತೀನಿ” ಎಂದು ಪುಟ್ಟಿ ಎರಡನ್ನೂ ನೆಲಕ್ಕೆ ಸುರಿದಳು.

ಅರ್ಧ ಲೀಟರಿನ ನೀರಿನ ಬಾಟಲಿಗಳು. ಟಾರ್ಚು, ಬೇರೆಯಾಗಿ ಕಟ್ಟಿಟ್ಟ ಶೆಲ್ಲು. ತಿರುವಿದರೆ ಚಾರ್ಜ್ ಆಗುವ ಹಿಡಿಕೆಯ ರೇಡಿಯೊ. ದಪ್ಪ ಹತ್ತಿಯ ಕೈಗವಸು. ಮಡಿಸಿದರೆ ಕರವಸ್ತ್ರದಷ್ಟಾಗುವ, ಹೊದ್ದರೆ ಮೈ ಬೆಚ್ಚಗಿಡುವ ಹೊಳೆಯುವ ಹಾಳೆ. ಶೌಚಕ್ಕೆ ಬಳಸಿ ಗಂಟು ಕಟ್ಟುವ ಚೀಲಗಳು. ತಟ್ಟೆಯ ಮೇಲೆ ಹಾಸಲು ತೆಳು ಪ್ಲಾಸ್ಟಿಕ್ಕಿನ ಸುರುಳಿ. ಉಂಡ ಮೇಲೆ ಅದನ್ನಷ್ಟೇ ತೆಗೆದೆಸೆದರೆ ತಟ್ಟೆ ತೊಳೆಯುವ ನೀರು ಉಳಿಯಿತು!

ತಿನ್ನಲು ‘ಕಾನ್‌ಪಾನ್’ ಎಂಬ ಗಟ್ಟಿ ಬಿಸ್ಕತ್ತಿನ ಡಬ್ಬಿ. ಐದು ವರ್ಷ ಕೆಡುವುದಿಲ್ಲ. ಜೊತೆಗೆ ಬಣ್ಣದ ಸಕ್ಕರೆ ಉಂಡೆಗಳು. ಒಣ ಬಿಸ್ಕತ್ತು ಗಂಟಲಲ್ಲಿ ಇಳಿಯಲು ಬಾಯಲ್ಲಿ ನೀರೂರಬೇಕಲ್ಲ, ಅದಕ್ಕೆ ಸಕ್ಕರೆ. ಇನ್ನೊಂದು, ಬೇಯಿಸಿ ಒಣಗಿಸಿದ ಅಕ್ಕಿ. ಬಿಸಿನೀರು ಹಾಕಿದರೆ 15 ನಿಮಿಷಕ್ಕೆ, ತಣ್ಣೀರಾದರೆ ಒಂದು ತಾಸಿಗೆ ಅನ್ನವಾಗುತ್ತದೆ. ಅದರ ಪಕ್ಕದಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಪೊಟ್ಟಣ ಕಂಡು ನನಗೆ ನಗು ಬಂತು. ನಮ್ಮ ಸೀಮೆಯ ಹೆಣ್ಣುಮಕ್ಕಳು ತಲೆತಲಾಂತರದಿಂದ ಮಾಡಿಕೊಂಡು ಬಂದ ತಿನಿಸು ಜಪಾನಿನ ಡಬ್ಬಿಯ ಜೊತೆ ಸರಿಸಮನಾಗಿ ಕೂತಿತ್ತು.

ಒಂದು ಚಿಕ್ಕ ಸಂಚಿಯಲ್ಲಿ ಹತ್ತು ಯೆನ್ನಿನ ನಾಣ್ಯಗಳು. ಮೊಬೈಲ್ ಕೈಕೊಟ್ಟಾಗ ಸಾರ್ವಜನಿಕ ಟೆಲಿಫೋನಿಗೆ ಬೇಕು. ಅನಾಹುತವಾದಾಗ 171ಕ್ಕೆ ಫೋನ್ ಮಾಡಿ, ಮನೆಯ ನಂಬರ್ ಒತ್ತಿ, 30 ಸೆಕೆಂಡಿನ ಮಾತು ಬಿಟ್ಟರೆ ಮನೆಯವರು ಎಲ್ಲಿಂದಲಾದರೂ ಕೇಳಬಹುದು. ಪ್ರತಿ ತಿಂಗಳ 1 ಮತ್ತು 15ರಂದು ಇದನ್ನು ಅಭ್ಯಾಸ ಮಾಡಲು ಬಿಡುತ್ತಾರೆ. ಪುಟ್ಟಿಗೆ ನಂಬರ್ ಬಾಯಿಪಾಠ.

ಅವಳ ಚೀಲದಲ್ಲಿ ಒಂದು ಜೊತೆ ಬಟ್ಟೆ, ಸೀಟಿ, ಇಸ್ಪೀಟೆಲೆಯಷ್ಟು ಚಿಕ್ಕ ಚಿತ್ರದ ಕಾರ್ಡುಗಳು, ಬಟ್ಟೆಯ ಮೊಲ, ಅಪ್ಪ-ಅಮ್ಮನ ಜೊತೆಗಿನ ಫೋಟೊ ಇದ್ದವು. ಫೋಟೊ ಹಿಂದೆ ಹೆಸರು, ರಕ್ತದ ಗುಂಪು, ಫೋನ್ ನಂಬರ್. ಮೊಲ ಯಾಕೆ ಎಂದು ಕೇಳಿದೆ. “ಶಾಲೆಯ ನೆಲದ ಮೇಲೆ ಮಲಗಿದಾಗ ಮೊಲಕ್ಕೆ ಹೆದರಿಕೆ ಆಗ್ತದೆ, ದೊಡ್ಡಮ್ಮಾ” ಎಂದಳು.

ಮನೆಯ ಕಪಾಟಿನಲ್ಲಿ ಬೇರೆ ದಾಸ್ತಾನಿದೆ: ತಲೆಗೆ ದಿನಕ್ಕೆ 3 ಲೀಟರಿನಂತೆ, ಕಡಿಮೆಯೆಂದರೆ ಮೂರು ದಿನದ ನೀರು. ಅದನ್ನೆಲ್ಲ ಹೊರುವಂತಿಲ್ಲ. ಮನೆಯಲ್ಲೇ ಉಳಿಯುವುದಾದರೆ ಕಪಾಟು, ಹೊರಡುವುದಾದರೆ ಚೀಲ. ಚೀಲದ ತೂಕಕ್ಕೆ ತಂಗಿಯ ನಿಯಮ ಒಂದೇ: ಅದನ್ನು ಹೊತ್ತು ಮೂರು ಮಹಡಿ ಇಳಿದು ಶಾಲೆಯವರೆಗೆ ನಿಲ್ಲದೆ ನಡೆಯಲಾಗಬೇಕು.

ತಳ್ಳಬೇಡ, ಓಡಬೇಡ

ಸೆಪ್ಟೆಂಬರ್ 1 ಜಪಾನಿನಲ್ಲಿ ವಿಪತ್ತು ಎಚ್ಚರಿಕೆಯ ದಿನ. 1923ರಲ್ಲಿ ಅದೇ ದಿನ ಮಧ್ಯಾಹ್ನ 12ಕ್ಕೆ ಎರಡು ನಿಮಿಷ ಇರುವಾಗ ಭೂಕಂಪವಾಯಿತು. ಊಟದ ಹೊತ್ತು, ಮನೆಮನೆಯಲ್ಲೂ ಒಲೆ ಉರಿಯುತ್ತಿತ್ತು. ಮರದ ಮನೆಗಳಿಗೆ ಬೆಂಕಿ ಬಿದ್ದು ಟೋಕಿಯೊ, ಯೊಕೊಹಾಮಾ ಕಡೆ 1 ಲಕ್ಷಕ್ಕೂ ಹೆಚ್ಚು ಜನ ಸತ್ತರು. ಆ ನೆನಪಿಗೆ ದೇಶವೆಲ್ಲ ಅಭ್ಯಾಸ ನಡೆಸುತ್ತದೆ.

ಆ ವಾರ ಪುಟ್ಟಿಯ ಶಾಲೆಯಲ್ಲಿ ಮಕ್ಕಳನ್ನು ಮನೆಯವರ ಕೈಗೆ ಒಪ್ಪಿಸುವ ಅಭ್ಯಾಸವಿತ್ತು. ನಾನೂ ತಂಗಿಯ ಜೊತೆ ಹೋದೆ. ಮಕ್ಕಳ ಕುರ್ಚಿಯ ಮೇಲಿನ ದಿಂಬು ಬಿಚ್ಚಿದರೆ ತಲೆಗೆ ಹಾಕುವ ಕುಲಾವಿ. ಗಂಟೆ ಬಾರಿಸಿದ ಕೂಡಲೇ ಎಲ್ಲರೂ ಮೇಜಿನಡಿ ಸೇರಿ ಅದರ ಕಾಲು ಗಟ್ಟಿ ಹಿಡಿದರು. ಆಮೇಲೆ ಕುಲಾವಿ ತೊಟ್ಟು ಸಾಲಾಗಿ ಮೈದಾನಕ್ಕೆ ಬಂದರು. ನಾಲ್ಕು ಮಾತುಗಳನ್ನು ಅವರಿಗೆ ಕಲಿಸಿರುತ್ತಾರೆ: ತಳ್ಳಬೇಡ, ಓಡಬೇಡ, ಮಾತಾಡಬೇಡ, ಹಿಂದಕ್ಕೆ ಹೋಗಬೇಡ. ನಾಲ್ಕರ ಮೊದಲ ಅಕ್ಷರ ಸೇರಿಸಿ ಜಪಾನಿಯಲ್ಲಿ ‘ಒ-ಕ-ಶಿ-ಮೊ’ ಎನ್ನುತ್ತಾರೆ. ಎರಡು ವರ್ಷದ ತರಗತಿಗೇ ಅದು ರಕ್ತಗತ. ತಂಗಿ ಹೆಸರು ಹೇಳಿ ಸಹಿ ಮಾಡಿದ ಮೇಲಷ್ಟೇ ಟೀಚರ್ ಪುಟ್ಟಿಯ ಕೈ ಬಿಟ್ಟರು.

ನಾಲ್ಕನೆಯ ಮಾತು ಕೇಳುವಾಗ ನನಗೆ ಸೊಂಟದುದ್ದ ನೀರಿನಲ್ಲಿ ನಿಂತ ಅವ್ವ ಕಣ್ಣಿಗೆ ಕಟ್ಟಿದಳು. ಆದರೆ ‘ಹಿಂದಕ್ಕೆ ಹೋಗಬೇಡ’ ಎಂದರೆ ಸಾಲದು. ಹಿಂದಕ್ಕೆ ಹೋಗುವ ಕಾರಣವೇ ಇಲ್ಲದಂತೆ ಮೊದಲೇ ಕಟ್ಟಿಡಬೇಕು.

ಟೋಕಿಯೊಗೆ ಹೋಗುವವರು ಇಕೆಬುಕುರೊದಲ್ಲಿ ಅಗ್ನಿಶಾಮಕ ಇಲಾಖೆ ನಡೆಸುವ ಕಲಿಕಾ ಕೇಂದ್ರವನ್ನು ನೋಡಿ ಬನ್ನಿ. ಟಿಕೆಟ್ಟಿಲ್ಲ. ಅಲುಗುವ ಕೋಣೆಯಲ್ಲಿ ಕೂತು ಭೂಕಂಪವೆಂದರೇನೆಂದು ಮೈಯಲ್ಲೇ ತಿಳಿಯಬಹುದು. ಹೊಗೆ ತುಂಬಿದ ದಾರಿಯಲ್ಲಿ ಬಗ್ಗಿ ನಡೆಯುವುದನ್ನು ಕಲಿಸುತ್ತಾರೆ. ಮಂಚದ ಪಕ್ಕ ಗಟ್ಟಿ ಅಡಿಯ ಚಪ್ಪಲಿ ಇಟ್ಟುಕೊಳ್ಳಬೇಕು ಎಂಬುದು 1995ರ ಕೋಬೆ ಭೂಕಂಪ ಕಲಿಸಿದ ಪಾಠ. ಬೆಳಗಿನ 5 ಗಂಟೆ 46 ನಿಮಿಷಕ್ಕೆ, ಕತ್ತಲಲ್ಲಿ, ಒಡೆದ ಗಾಜಿನ ಮೇಲೆ ಬರಿಗಾಲಲ್ಲಿ ಓಡಿದವರು ಬಹಳ.

ಕೃಷ್ಣೆಯ ದಂಡೆಗೆ ಬಂದ ಚೀಲ

ಊರಿಗೆ ಬಂದವಳೇ ಅವ್ವನ ಮನೆಗೆ ಹೋದೆ. ಪೇಟೆಯಲ್ಲಿ ನೀರು ಇಳಿಯದ ಒಂದು ಬ್ಯಾಗ್ ತೆಗೆದುಕೊಂಡಿದ್ದೆ. ನೋಡಿದೊಡನೆ ಅವ್ವ, “ಮನಿ ಬಿಡೂ ಮಾತು ಈಗ್ಯಾಕವಾ? ಒಳ್ಳೇದಲ್ಲ” ಅಂದಳು.

“ಮನ್ಯಾಗ ಛತ್ರಿ ಇಟ್ಟರ ಮಳಿ ಬರತೈತೇನಬೇ ಯವ್ವಾ?” ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ತಾನೇ ಹೋಗಿ ಗುಳಿಗೆ ಡಬ್ಬಿ ತಂದಳು.

ಜಪಾನಿನ ಪಟ್ಟಿಯನ್ನು ಹಾಗೆಯೇ ಇಲ್ಲಿಗೆ ತರಲಾಗದು. ನಮಗೆ ಹೊಳೆಯೇ ಮುಖ್ಯ ಭಯ. ಕೃಷ್ಣೆ ಮೇಲಿನಿಂದ ಬರುವುದರಿಂದ ಸಾಮಾನ್ಯವಾಗಿ ಎಚ್ಚರಿಕೆಗೆ ಹೊತ್ತು ಸಿಗುತ್ತದೆ. 2018ರಲ್ಲಿ ಕೊಡಗಿನಲ್ಲಾದಂತೆ ಗುಡ್ಡ ಜರಿದರೆ ಆ ಹೊತ್ತೂ ಇಲ್ಲ. ತಮ್ಮ, ಅವನ ಹೆಂಡತಿ, ಮಕ್ಕಳೆಲ್ಲ ಕೂತು ನಾವು ಮಾಡಿದ ಪಟ್ಟಿ ಇದು:

• ಆಧಾರ್, ರೇಶನ್ ಕಾರ್ಡ್, ಪಾಸ್‌ಬುಕ್, ಉತಾರ, ಮಕ್ಕಳ ಅಂಕಪಟ್ಟಿಗಳ ಝೆರಾಕ್ಸ್, ಎರಡು ಪ್ಲಾಸ್ಟಿಕ್ ಕವರಿನಲ್ಲಿ. ಅವುಗಳ ಫೋಟೊ ತಮ್ಮನ ಮತ್ತು ನನ್ನ ಮೊಬೈಲಿನಲ್ಲಿ. ಮೂಲ ಪ್ರತಿಗಳು ಇನ್ನೊಂದು ಕವರಿನಲ್ಲಿ, ಚೀಲದ ಪಕ್ಕದ ಕಪಾಟಿನಲ್ಲೇ.
• ಒಂದು ವಾರದ ಗುಳಿಗೆ, ಡಾಕ್ಟರ ಚೀಟಿ, ಹಳೆಯ ಕನ್ನಡಕ.
• ಟಾರ್ಚು, ಶೆಲ್ಲು, ಪವರ್ ಬ್ಯಾಂಕ್, ಸೀಟಿ. ನೆರೆಯಲ್ಲಿ ಹಾವು-ಚೇಳು ಮನೆ ಸೇರುವುದರಿಂದ ಟಾರ್ಚು ಎಲ್ಲಕ್ಕೂ ಮೇಲಿರಬೇಕು.
• ನೀರಿನ ಬಾಟಲಿ, ನೀರು ಶುದ್ಧ ಮಾಡುವ ಕ್ಲೋರಿನ್ ಮಾತ್ರೆ, ಓ.ಆರ್.ಎಸ್. ಪೊಟ್ಟಣ.
• ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅವಲಕ್ಕಿ, ಬೆಲ್ಲ.
• ಒಂದೊಂದು ಜೊತೆ ಬಟ್ಟೆ, ಟವೆಲ್, ಸೋಪು, ಹೆಣ್ಣುಮಕ್ಕಳಿಗೆ ಪ್ಯಾಡ್.
• ಹತ್ತು, ಇಪ್ಪತ್ತು, ನೂರರ ನೋಟುಗಳು.
• ಹಾಳೆಯ ಮೇಲೆ ದೊಡ್ಡಕ್ಷರದಲ್ಲಿ ಮನೆಯವರ ನಂಬರ್, ತುರ್ತಿಗೆ 112, ಜಿಲ್ಲಾ ವಿಪತ್ತು ಸಹಾಯವಾಣಿ 1077.
• ಪ್ರತಿ ಮಗುವಿಗೆ ತನಗಿಷ್ಟವಾದ ಒಂದು ಆಟಿಕೆ. ಒಂದೇ.

ಬಾಗಿಲ ಒಳಬದಿಗೆ ಇನ್ನೊಂದು ಚೀಟಿ ಅಂಟಿಸಿದೆವು: ಯಾರು ಏನು ಮಾಡಬೇಕು ಎಂದು. ತಮ್ಮ ದನದ ಕಣ್ಣಿ ಬಿಚ್ಚಬೇಕು. ಅವನ ಹೆಂಡತಿ ಗ್ಯಾಸ್ ಮತ್ತು ಮೇನ್ ಸ್ವಿಚ್ ಬಂದ್ ಮಾಡಬೇಕು. ದೊಡ್ಡ ಹುಡುಗ ಚೀಲ, ಕವರು ಎತ್ತಬೇಕು. ಸಣ್ಣವನು ಅಜ್ಜಿಯ ಕೈ ಹಿಡಿಯಬೇಕು. ಬೇರೆಬೇರೆಯಾದರೆ ಎಲ್ಲರೂ ಸೇರುವ ಜಾಗ ದಿಬ್ಬದ ಮೇಲಿನ ಶಾಲೆ. ಮೊಬೈಲಿನಲ್ಲಿ ಟೈಮ್ ನೋಡಿ ಒಮ್ಮೆ ಮಾಡಿ ನೋಡಿದೆವು. ಮೊದಲ ಸಲ ಹದಿನಾಲ್ಕು ನಿಮಿಷ, ಮೂರನೇ ಸಲಕ್ಕೆ ಆರು. ಅವ್ವ ಮಾತ್ರ ಮೂರೂ ಸಲ ಹೊಸ್ತಿಲು ದಾಟುವಾಗ ಹಿಂದಿರುಗಿ ನೋಡಿದಳು. ಮೊಮ್ಮಗ ಕೈ ಬಿಡಲಿಲ್ಲ.

ಚೀಲ ಕಟ್ಟಿದರೆ ಮುಗಿಯಲಿಲ್ಲ. ತಂಗಿ ವರ್ಷಕ್ಕೆರಡು ಸಲ ಬಿಚ್ಚುತ್ತಾಳೆ. ಹಳೆಯ ತಿನಿಸನ್ನು ಅಂದೇ ತಿಂದು ಹೊಸದಿಡುತ್ತಾರೆ, ಚಿಕ್ಕದಾದ ಮಗುವಿನ ಬಟ್ಟೆ ಬದಲಿಸುತ್ತಾರೆ. ನಾವು ಕಾರಹುಣ್ಣಿಮೆ ಮತ್ತು ದಸರೆಯನ್ನು ಆರಿಸಿಕೊಂಡಿದ್ದೇವೆ. ರೊಟ್ಟಿಯನ್ನಂತೂ ಅವ್ವ ತಿಂಗಳಿಗೊಮ್ಮೆ ಬದಲಿಸುತ್ತಾಳೆ.

ನಿಮ್ಮ ಮನೆ ಹೊಳೆಯ ದಂಡೆಗಿರಲಿ, ಗುಡ್ಡದ ಬುಡದಲ್ಲಿರಲಿ, ನಗರದ ಹತ್ತನೇ ಮಹಡಿಯಲ್ಲಿರಲಿ, ಬರುವ ಭಾನುವಾರ ಮಕ್ಕಳನ್ನು ಕೂರಿಸಿಕೊಂಡು ನಿಮ್ಮದೇ ಪಟ್ಟಿ ಮಾಡಿ. ಮನೆಯಲ್ಲಿರುವ ಹಳೆಯ ಶಾಲಾ ಬ್ಯಾಗ್ ಸಾಕು. ಗೂಟಕ್ಕೆ ತೂಗು ಹಾಕುವ ಮುನ್ನ ಮನೆಯ ಹಿರಿಯರನ್ನು ಒಂದು ಮಾತು ಕೇಳಿ: “ಯಾವುದು ಬಿಟ್ಟು ಹೋದರೆ ನೀವು ಹಿಂದಕ್ಕೆ ಬರುತ್ತೀರಿ?” ಅವರು ಹೇಳಿದ್ದನ್ನು ಮೊದಲು ಚೀಲಕ್ಕೆ ಹಾಕಿ.