ಹಾಲಿನ ಕಪ್ ಮತ್ತು ನಮ್ಮ ಚೆಂಡು

ನಮ್ಮೂರಿನ ಉರ್ದು ಶಾಲೆಗೂ ಕನ್ನಡ ಶಾಲೆಗೂ ಸೇರಿ ಇದ್ದದ್ದು ಒಂದೇ ಮೈದಾನ. ಶನಿವಾರ ಬೆಳಗಿನ ಶಾಲೆ ಬಿಟ್ಟೊಡನೆ ಅಲ್ಲಿ ಫುಟ್‌ಬಾಲ್. ಚೆಂಡು ಎರಡೂ ಶಾಲೆಯ ಹುಡುಗರು ನಾಲ್ಕಾಣೆ, ಎಂಟಾಣೆ ಕೂಡಿಸಿ ಕೊಂಡದ್ದು. ಅದು ಸರದಿಯಂತೆ ಒಂದೊಂದು ವಾರ ಒಬ್ಬೊಬ್ಬರ ಮನೆಯಲ್ಲಿ ಇರುತ್ತಿತ್ತು. ಆಟ ಮಾತ್ರ ಯಾವಾಗಲೂ ಒಂದೇ: ಉರ್ದು ಸ್ಕೂಲು ಒಂದು ಕಡೆ, ಕನ್ನಡ ಸ್ಕೂಲು ಇನ್ನೊಂದು ಕಡೆ.

1992ರ ಡಿಸೆಂಬರ್‌ನಲ್ಲಿ ಊರಿಗೆ ಕರ್ಫ್ಯೂ ಬಂದಾಗ ಚೆಂಡು ನಮ್ಮ ಮನೆಯಲ್ಲಿತ್ತು. ನಾನಾಗ ಏಳನೆಯ ತರಗತಿ. ಕರ್ಫ್ಯೂ ತೆಗೆದರು, ಅಂಗಡಿಗಳು ತೆರೆದವು, ಶಾಲೆಯೂ ಶುರುವಾಯಿತು. ಆಟ ಶುರುವಾಗಲಿಲ್ಲ. ಚೆಂಡನ್ನು ಯಾರೂ ಕೇಳಲಿಲ್ಲ, ನಾನೂ ಕೊಡಲಿಲ್ಲ. ಮರುವರ್ಷ ನಾನು ಕನ್ನಡ ಹೈಸ್ಕೂಲಿಗೆ ಸೇರಿದೆ. ಅವರ ಗೋಲ್‌ಕೀಪರ್ ಆಗಿದ್ದ ಹುಡುಗ ನನ್ನದೇ ಬೆಂಚಿನಲ್ಲಿ ಕುಳಿತ. ಮೂರು ವರ್ಷ ಒಟ್ಟಿಗೆ ಓದಿದೆವು. ಚೆಂಡಿನ ಮಾತು ಒಮ್ಮೆಯೂ ಬರಲಿಲ್ಲ. ನಮ್ಮ ಮನೆಯ ಅಟ್ಟದಲ್ಲಿ ಅದರ ಗಾಳಿ ತಾನಾಗಿಯೇ ಇಳಿದುಹೋಯಿತು.

ಇಷ್ಟು ವರ್ಷಗಳ ಮೇಲೆ ಅದು ನೆನಪಾದದ್ದು ಸಾವಿರಾರು ಮೈಲಿ ದೂರದ ಒಂದು ಊರಿನಲ್ಲಿ. ನನ್ನ ತಂಗಿಯ ಮಗಳು ಉತ್ತರ ಐರ್ಲೆಂಡಿನಲ್ಲಿ ನರ್ಸ್. 2023ರ ಜುಲೈಯಲ್ಲಿ ಅವಳ ಮನೆಗೆ ಹೋಗಿದ್ದೆ. ಒಂದು ದಿನ, “ಮಾಮೂ, ಕೊಲರೇನ್‌ನಲ್ಲಿ ಹುಡುಗರ ಫುಟ್‌ಬಾಲ್ ಇದೆ, ಊರೆಲ್ಲ ಮೆರವಣಿಗೆ ಮಾಡ್ತಾರೆ, ನೋಡೋಣ ನಡೀರಿ” ಎಂದಳು.

ಮೆರವಣಿಗೆ ಎಂಬ ಮಾತಿಗೆ ನನ್ನ ಎದೆ ಸ್ವಲ್ಪ ಹೊಡೆದುಕೊಂಡಿತು. ಯಾವ ಬೀದಿಯಲ್ಲಿ ಹೋಗಬೇಕು, ಯಾವ ಪ್ರಾರ್ಥನಾಲಯದ ಮುಂದೆ ವಾದ್ಯ ನಿಲ್ಲಬೇಕು, ಎಷ್ಟು ಪೊಲೀಸರು ಬೇಕು ಎಂಬ ಲೆಕ್ಕ ನಮಗೆ ಹೊಸದಲ್ಲವಷ್ಟೆ. ಅಲ್ಲಿಯವರಿಗೂ ಹೊಸದಲ್ಲ. 1690ರ ಬೋಯ್ನ್ ಕದನದ ಗೆಲುವಿನ ನೆನಪಿಗೆ ಪ್ರತಿ ಜುಲೈ 12ರಂದು ಆರೆಂಜ್ ಆರ್ಡರ್ ಎಂಬ ಪ್ರೊಟೆಸ್ಟೆಂಟರ ಸಂಘ ಅಲ್ಲಿ ಮೆರವಣಿಗೆ ತೆಗೆಯುತ್ತದೆ. ಅದು ಕ್ಯಾಥೊಲಿಕರ ಬೀದಿಗಳಲ್ಲಿ ಹಾದುಹೋಗುವ ಪ್ರಶ್ನೆಯ ಮೇಲೆ ಎಷ್ಟೋ ಗಲಭೆಗಳಾಗಿವೆ. ಅದೇ ತಿಂಗಳ ಕೊನೆಯಲ್ಲಿ, ಅದೇ ನಾಡಿನಲ್ಲಿ, ಇದು ಇನ್ನೊಂದು ಮೆರವಣಿಗೆ. ಬಗೆಬಗೆಯ ಜೆರ್ಸಿ ತೊಟ್ಟ ಹದಿಹರೆಯದ ಹುಡುಗರು ಕೈಬೀಸುತ್ತ ನಡೆದುಹೋಗುತ್ತಾರೆ, ಬದಿಯಲ್ಲಿ ನಿಂತ ಜನ ಚಪ್ಪಾಳೆ ತಟ್ಟುತ್ತಾರೆ.

ಈ ಪಂದ್ಯಾವಳಿ ಆರಂಭವಾದದ್ದು 1983ರಲ್ಲಿ. ಅಲ್ಲಿನ ಹಾಲಿನ ಉದ್ಯಮದವರು ಹಣ ಕೊಟ್ಟಿದ್ದರಿಂದ ‘ಮಿಲ್ಕ್ ಕಪ್’ ಎಂದು ಹೆಸರಾಯಿತು. ಈಗ ‘ಸೂಪರ್ ಕಪ್ ಎನ್‌ಐ’ ಎನ್ನುತ್ತಾರೆ. ಹಳಬರ ಬಾಯಲ್ಲಿ ಇಂದಿಗೂ ಹಾಲಿನ ಕಪ್ಪೇ. ಕ್ಲಬ್‌ಗಳ ಕಿರಿಯರ ತಂಡಗಳೂ ದೇಶಗಳ ಕಿರಿಯರ ತಂಡಗಳೂ ಇಲ್ಲಿ ಆಡಿವೆ. ಮೊದಲ ವರ್ಷ ಗೆದ್ದದ್ದು ಸ್ಕಾಟ್ಲೆಂಡಿನ ಮದರ್‌ವೆಲ್. 1991ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ಹುಡುಗರು ಗೆದ್ದಾಗ ಅವರಲ್ಲಿ ಡೇವಿಡ್ ಬೆಕ್ಹ್ಯಾಮ್ ಎಂಬ ಹುಡುಗನೂ ಇದ್ದ.

ಆದರೆ 1983 ಎಂಥ ಕಾಲವೆಂದು ನೆನೆದರೆ ಅಚ್ಚರಿಯಾಗುತ್ತದೆ. ಎರಡೇ ವರ್ಷ ಹಿಂದೆ, 1981ರಲ್ಲಿ, ಹತ್ತು ಮಂದಿ ಕೈದಿಗಳು ಜೈಲಿನಲ್ಲಿ ಉಪವಾಸವಿದ್ದು ಸತ್ತಿದ್ದರು. ಇದೇ ಕೊಲರೇನ್‌ನಲ್ಲಿ 1973ರ ಜೂನ್‌ನಲ್ಲಿ ಕಾರು ಬಾಂಬಿಗೆ ಆರು ಜನ ಬಲಿಯಾಗಿದ್ದರು. ಮೂರು ದಶಕಗಳ ಆ ಹಿಂಸೆಯಲ್ಲಿ ಸತ್ತವರು 3,500ಕ್ಕೂ ಹೆಚ್ಚು. ಅಂಥ ನಾಡಿಗೆ ‘ನಿಮ್ಮ ಮಕ್ಕಳನ್ನು ಆಡಲು ಕಳಿಸಿ’ ಎಂದು ಪರದೇಶದವರನ್ನು ಕರೆಯುವುದು ಹುಚ್ಚುತನವೆಂದೇ ಕಂಡಿರಬೇಕು. ಕರೆದವರು ಸ್ಥಳೀಯ ಫುಟ್‌ಬಾಲ್ ಪ್ರೇಮಿಗಳು. ಅವರಲ್ಲೊಬ್ಬರು ಬರ್ಟಿ ಪೀಕಾಕ್. 1958ರ ವಿಶ್ವಕಪ್‌ನಲ್ಲಿ ಉತ್ತರ ಐರ್ಲೆಂಡ್ ಕ್ವಾರ್ಟರ್ ಫೈನಲ್ ತಲುಪಿದಾಗ ಆ ತಂಡದಲ್ಲಿದ್ದ, ಕೊಲರೇನ್‌ನ ಆಟಗಾರ. ತಾನು ಪ್ರೊಟೆಸ್ಟೆಂಟನಾದರೂ ಗ್ಲಾಸ್ಗೋದ ಐರಿಷ್ ಕ್ಯಾಥೊಲಿಕರ ಪ್ರೀತಿಯ ಕ್ಲಬ್ ಸೆಲ್ಟಿಕ್‌ಗೆ ನಾಯಕನಾಗಿದ್ದವರು.

ಮೈದಾನದ ಬಳಿ ಸ್ವಯಂಸೇವಕರಾಗಿದ್ದ ಒಬ್ಬ ಮುದುಕರು ಸಿಕ್ಕರು. ನನ್ನ ಗಡ್ಡ, ಸೊಸೆಯ ತಲೆವಸ್ತ್ರ ನೋಡಿ ನಗುತ್ತ ಅಲ್ಲಿಯ ಹಳೆಯ ಚಟಾಕಿಯೊಂದನ್ನು ಹಾರಿಸಿದರು: “ಮುಸ್ಲಿಮರು ಸರಿ, ಆದರೆ ನೀವು ಕ್ಯಾಥೊಲಿಕ್ ಮುಸ್ಲಿಮರೋ, ಪ್ರೊಟೆಸ್ಟೆಂಟ್ ಮುಸ್ಲಿಮರೋ?” ನಾವೂ ನಕ್ಕೆವು. ಆಮೇಲೆ ಅವರೇ ಹೇಳಿದರು: “ಹೆಸರು ಕೇಳಿದರೆ ಸಾಕು, ಯಾವ ಹುಡುಗ ಯಾರ ಕಡೆ ಎಂದು ನಮಗೆ ಗೊತ್ತಾಗುತ್ತದೆ. ಹೆಸರಿನಲ್ಲಿ ಆಗದಿದ್ದರೆ ಶಾಲೆಯ ಹೆಸರಿನಲ್ಲಿ. ಅದರಲ್ಲೂ ಆಗದಿದ್ದರೆ ‘ಎಚ್’ ಅಕ್ಷರ ಹೇಳಿಸಿದರಾಯಿತು.” ಒಬ್ಬರು ‘ಹೇಚ್’ ಎಂದರೆ ಇನ್ನೊಬ್ಬರು ‘ಏಚ್’ ಎನ್ನುತ್ತಾರಂತೆ. ನನಗೆ ನಮ್ಮೂರು ಕಂಡಿತು. ಅಲ್ಲಿಯೂ ಬಹುಪಾಲು ಮಕ್ಕಳು ಓದುವುದು ಬೇರೆ ಬೇರೆ ಶಾಲೆಗಳಲ್ಲೇ.

ಈ ಪಂದ್ಯಾವಳಿಯ ಒಂದು ಏರ್ಪಾಡು ನನ್ನ ಮನಸ್ಸಿನಲ್ಲಿ ನಿಂತಿತು. ಉತ್ತರ ಐರ್ಲೆಂಡಿನ ಆರು ಕೌಂಟಿಗಳಿಂದಲೂ ಒಂದೊಂದು ತಂಡ ಆಡುತ್ತದೆ. ಆಯ್ಕೆ ಜಿಲ್ಲೆಯ ಲೆಕ್ಕದಲ್ಲಿ, ಚರ್ಚಿನ ಲೆಕ್ಕದಲ್ಲಲ್ಲ. ‘ಹೇಚ್’ ಅನ್ನುವ ಹುಡುಗನೂ ‘ಏಚ್’ ಅನ್ನುವ ಹುಡುಗನೂ ಒಂದೇ ಜೆರ್ಸಿ ತೊಟ್ಟು ಪರದೇಶದಿಂದ ಬಂದ ತಂಡವನ್ನು ಎದುರಿಸುತ್ತಾರೆ. ಇಬ್ಬರ ತಂದೆತಾಯಿಯೂ ಒಂದೇ ತಂಡಕ್ಕಾಗಿ ಕೂಗುತ್ತಾರೆ. ನಮ್ಮ ಮೈದಾನದಲ್ಲಿ ನಾವು ಇದಕ್ಕೆ ತದ್ವಿರುದ್ಧ ಮಾಡಿದ್ದೆವು. ಎರಡು ಶಾಲೆಗಳೂ ಕಲೆತು ಪಕ್ಕದೂರಿನವರನ್ನು ಆಟಕ್ಕೆ ಕರೆಯುವ ಯೋಚನೆ ನಮ್ಮ ಮೇಷ್ಟ್ರುಗಳಿಗೂ ಬರಲಿಲ್ಲ, ನಮಗೂ ಬರಲಿಲ್ಲ. ಊರಿನಲ್ಲಿ ಗೆರೆ ಬೀಳುವ ಮೊದಲೇ ಆಟದಲ್ಲಿ ಗೆರೆ ಎಳೆದುಕೊಂಡಿದ್ದೆವು.

ಹಾಗೆಂದು ಚೆಂಡೊಂದು ಶಾಂತಿ ತಂದಿತೆಂದು ನಾನು ಹೇಳಲಾರೆ. 1998ರ ಏಪ್ರಿಲ್‌ನಲ್ಲಿ ಒಪ್ಪಂದವಾಯಿತು. ಅದಕ್ಕೆ ರಾಜಕೀಯ ಬೇಕಾಯಿತು, ವರ್ಷಗಟ್ಟಲೆ ಮಾತುಕತೆ ಬೇಕಾಯಿತು. ಅದೇ ಆಗಸ್ಟ್‌ನಲ್ಲಿ ಟಿರೋನ್ ಕೌಂಟಿಯ ಓಮಾ ಪಟ್ಟಣದಲ್ಲಿ ಬಾಂಬು ಸಿಡಿದು 29 ಜನ ಸತ್ತರು. ಬೆಲ್‌ಫಾಸ್ಟ್‌ನ ಮೊಹಲ್ಲಾಗಳ ನಡುವಿನ ಗೋಡೆಗಳು ಇನ್ನೂ ನಿಂತಿವೆ.

ನಾನು ಹಿಂದಿರುಗಿದ ಮರುವರ್ಷ, 2024ರ ಆಗಸ್ಟ್‌ನಲ್ಲಿ, ಸೊಸೆಯ ಫೋನ್ ಬಂತು. ಬೆಲ್‌ಫಾಸ್ಟ್‌ನಲ್ಲಿ ವಲಸಿಗರ ವಿರುದ್ಧ ಗಲಭೆ. ಮುಸ್ಲಿಮರ ಅಂಗಡಿಗಳಿಗೆ ಬೆಂಕಿ. ಆ ಗುಂಪಿನಲ್ಲಿ ಬ್ರಿಟನ್ನಿನ ಬಾವುಟವೂ ಐರ್ಲೆಂಡಿನ ತ್ರಿವರ್ಣವೂ ಜೊತೆಯಾಗಿ ಹಾರಾಡಿದವಂತೆ. 2025ರ ಜೂನ್‌ನಲ್ಲಿ ಬ್ಯಾಲಿಮೀನಾದಲ್ಲಿ ಮತ್ತೆ ಗಲಭೆ. ಮಿಲ್ಕ್ ಕಪ್‌ನ ಎಷ್ಟೋ ಪಂದ್ಯಗಳು ನಡೆದ ಊರು ಅದು. ತಮ್ಮ ಮನೆಗೆ ಕಲ್ಲು ಬೀಳದಿರಲೆಂದು ಜನ ಬಾಗಿಲಿಗೆ ‘ಇಲ್ಲಿ ಸ್ಥಳೀಯರು ವಾಸವಾಗಿದ್ದಾರೆ’ ಎಂದು ಬರೆದು ಅಂಟಿಸಿದರು. “ಮಾಮೂ, ಹೆದರಿಕೆ ಆಗ್ತದೆ. ಆದರೂ ನೈಟ್ ಡ್ಯೂಟಿಗೆ ಹೋಗಲೇಬೇಕಲ್ಲ” ಎಂದಳು. ಸಮಾಧಾನದ ಮಾತು ನನ್ನಲ್ಲಿ ಇರಲಿಲ್ಲ. ದುವಾ ಮಾಡುತ್ತೇನೆ ಎಂದಷ್ಟೇ ಹೇಳಿದೆ.

ಹೊರಗಿನವನು ಬಂದರೆ ಜಗಳವಾಡುವ ನೆರೆಯವರು ಒಂದಾಗುತ್ತಾರೆ ಎಂದು ಮೈದಾನದಲ್ಲಿ ನಾನು ಖುಷಿಪಟ್ಟಿದ್ದೆ. ಬೆಂಕಿ ಹಚ್ಚಲೂ ಅವರು ಹಾಗೆಯೇ ಒಂದಾಗಬಲ್ಲರು. ಹಾಗಾದರೆ ವ್ಯತ್ಯಾಸವೆಲ್ಲಿ? ಯೋಚಿಸುತ್ತ ಹೋದಂತೆ ನನಗೆ ತೋರಿದ್ದು ಇಷ್ಟು: ಜುಲೈಯಲ್ಲಿ ಆಡಲು ಬಂದ ಹುಡುಗರನ್ನು ಯಾರೋ ಹೆಸರು ಹಿಡಿದು ಕರೆದಿದ್ದರು. ಅವರ ಊಟ, ಹಾಸಿಗೆ, ಬಸ್ಸಿನ ಜವಾಬ್ದಾರಿ ಹೊತ್ತಿದ್ದರು. ನನ್ನ ಸೊಸೆಯನ್ನೂ ಆಸ್ಪತ್ರೆಯವರು ಕರೆದೇ ಕರೆಸಿಕೊಂಡಿದ್ದರು. ಆ ಕರೆ ಬೀದಿಯವರೆಗೆ ತಲುಪಿರಲಿಲ್ಲ.

ಊರಿಗೆ ಹೋದಾಗ ಆ ಗೋಲ್‌ಕೀಪರ್‌ನ ಅಂಗಡಿಗೆ ಹೋದೆ. ಪಂಪ್‌ಸೆಟ್ ರಿಪೇರಿ ಮಾಡುತ್ತಾನೆ. ಮೂವತ್ತು ವರ್ಷ ದಾಟಿದ ಮೇಲೆ ಮೊದಲ ಸಲ ಚೆಂಡಿನ ಮಾತೆತ್ತಿದೆ. ಚಹಾ ತರಿಸಿ ನಕ್ಕ. “ಅದರಲ್ಲಿ ನಂದೂ ಎಂಟಾಣೆ ಇತ್ತು ಕಣೋ, ಮಾರಾಯ” ಎಂದ. ಸ್ವಲ್ಪ ಹೊತ್ತು ಬಿಟ್ಟು ಅವನೇ ಹೇಳಿದ: “ಕರ್ಫ್ಯೂ ತೆಗೆದ ದಿನ ಕೇಳೋಕೆ ಅಂತ ನಿಮ್ಮ ಗಲ್ಲಿ ತಿರುವಿನ ತನಕ ಬಂದಿದ್ದೆ. ಒಳಗೆ ಬರೋಕೆ ಧೈರ್ಯ ಆಗ್ಲಿಲ್ಲ. ಯಾರಾದ್ರೂ ಕರೀತಾರೇನೋ ಅಂತ ಸುಮಾರು ಹೊತ್ತು ನಿಂತಿದ್ದೆ.”

ನನಗೆ ಗೊತ್ತಿತ್ತು. ಅವತ್ತು ಕಿಟಕಿಯಿಂದ ಅವನನ್ನು ನಾನು ನೋಡಿದ್ದೆ. ಕರೆದಿರಲಿಲ್ಲ.