ಸೀರೆ ಉದ್ದವಾಗಿರಲಿಲ್ಲ

ಕೊಬ್ಬರಿ ಸುಲಿಸುವ ದಿನ. ಅಟ್ಟದಿಂದ ಇಳಿಸಿದ ಕಾಯಿಗಳನ್ನು ಮಂಕರಿಗೆ ತುಂಬಿ ಅಂಗಳಕ್ಕೆ ಸುರಿಯುತ್ತಿದ್ದೆವು. ಅರ್ಧ ತುಂಬಿದ ಮಂಕರಿ ಎತ್ತಲು ಬಗ್ಗಿದ ಅವ್ವ ಹಾಗೇ ಕೂತುಬಿಟ್ಟಳು. ಬಿದ್ದಿರಲಿಲ್ಲ, ಏಟೂ ತಗುಲಿರಲಿಲ್ಲ. ‘ನಡ ಹಿಡ್ಕಂತು ಕಣ್ರೇ’ ಅಂದಳು. ಎಣ್ಣೆ ತಿಕ್ಕಿ, ಬಿಸಿನೀರು ಹಾಕಿ ಎರಡು ದಿನ ನೋಡಿದೆವು. ಮೂರನೇ ದಿನ ಎಕ್ಸ್‌ರೇ ನೋಡಿದ ಡಾಕ್ಟರು, ‘ಬೆನ್ನುಮೂಳೆಯ ಎರಡು ಮಣಿ ಕುಸಿದಿವೆ. ಒಂದು ಹಳೇದು ಅನ್ಸುತ್ತೆ. ಸ್ಟಿರಾಯ್ಡ್ ಏನಾದ್ರೂ ತಗೋತಾರಾ?’ ಎಂದರು.

‘ಇಲ್ಲ ಸಾರ್’ ಅಂದೆವು. ಸ್ಟಿರಾಯ್ಡ್ ಅಂದರೆ ಜಿಮ್ ಹುಡುಗರ ಇಂಜೆಕ್ಷನ್ ಎಂದಷ್ಟೇ ನಮಗೆ ಗೊತ್ತಿದ್ದದ್ದು. ಚೀಲದ ಮಾತ್ರೆಗಳನ್ನು ಮೇಜಿನ ಮೇಲೆ ಸುರಿದಾಗ ಅವರು ಒಂದು ಪಟ್ಟಿ ಎತ್ತಿ ತೋರಿಸಿದರು. ಪ್ರೆಡ್ನಿಸೊಲೋನ್, 10 ಮಿಲಿಗ್ರಾಂ.

ಅದನ್ನು ತಂದುಕೊಡುತ್ತಿದ್ದವರು ನಾವೇ, ಅಕ್ಕ-ತಂಗಿ ಇಬ್ಬರು.

ಎರಡು ವರ್ಷದ ಹಿಂದೆ ಅವ್ವನ ಬೆರಳ ಗೆಣ್ಣುಗಳೆಲ್ಲ ಊದಿಕೊಂಡು, ಬೆಳಗ್ಗೆ ಹಸು ಕರೆಯಲೂ ಆಗದಂತಾಗಿತ್ತು. ರುಮಟಾಯ್ಡ್ ಸಂಧಿವಾತ ಎಂದರು. ಬೇರೆ ಔಷಧಿಗಳ ಜೊತೆ ಈ ಮಾತ್ರೆಯನ್ನೂ ಬರೆದು, ಕೆಲವು ವಾರ ಬಿಟ್ಟು ಬನ್ನಿ, ಕಡಿಮೆ ಮಾಡೋಣ ಎಂದಿದ್ದರು. ಒಂದೇ ವಾರಕ್ಕೆ ಅವ್ವ ಎದ್ದು ಕೊಟ್ಟಿಗೆಗೆ ಹೋದಳು. ಆಮೇಲೆ ಡಾಕ್ಟರ ಹತ್ತಿರ ಹೋದವರು ಯಾರು? ಬೇರೆ ಮಾತ್ರೆಗಳು ಒಂದೊಂದಾಗಿ ನಿಂತವು, ಇದೊಂದು ಉಳಿಯಿತು. ಚಿಕ್ಕನಾಯಕನಹಳ್ಳಿಗೆ ಹೋದಾಗಲೆಲ್ಲ ಅದೇ ಹಳೇ ಚೀಟಿ ತೋರಿಸಿ ತರುತ್ತಿದ್ದೆವು. ಕೊನೆಕೊನೆಗೆ ಚೀಟಿಯನ್ನೂ ಯಾರೂ ಕೇಳುತ್ತಿರಲಿಲ್ಲ.

ಅವ್ವನ ಮುಖ ದುಂಡಗಾಯಿತು. ‘ಮಕ್ಳು ಚೆನ್ನಾಗಿ ನೋಡ್ಕಂತಾವ್ರೆ’ ಎಂದರು ಬೀದಿಯವರು. ನಾವೂ ಹಿಗ್ಗಿದೆವು. ‘ಈಚೆಗೆ ಸೀರೆ ನೆಲ ಗುಡಿಸ್ತೈತೆ’ ಎಂದು ಅವ್ವ ಹೇಳಿದಾಗ ನಕ್ಕೆವು. ಸೀರೆ ಉದ್ದವಾಗಿರಲಿಲ್ಲ, ಅವ್ವ ಗಿಡ್ಡವಾಗಿದ್ದಳು. ಬೆನ್ನಿನ ಮೊದಲ ಮಣಿ ಆಗಲೇ ಸದ್ದಿಲ್ಲದೆ ಕುಸಿದಿತ್ತು ಅನ್ನಿಸುತ್ತದೆ. ಇಂಥ ಮುರಿತ ಎಷ್ಟೋ ಸಲ ನೋವನ್ನೇ ಕೊಡುವುದಿಲ್ಲವಂತೆ.

ಪತ್ರಿಕೋದ್ಯಮ ಓದಿದ ನಾವು ಗಣಿ ಲಾರಿಯ ಧೂಳಿನ ಬಗ್ಗೆ, ಕೊಬ್ಬರಿ ಬೆಲೆಯ ಬಗ್ಗೆ ಊರೂರು ಸುತ್ತಿ ಬರೆದೆವು. ಮನೆಯ ಗೂಡಿನಲ್ಲಿದ್ದ ಮಾತ್ರೆಯ ಪಟ್ಟಿಯ ಕೆಂಪು ಗೆರೆಯನ್ನು ಮಾತ್ರ ಓದಲಿಲ್ಲ. ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಔಷಧಿ ಅದು.

ಹಾಗೆಂದು ಈ ಔಷಧಿ ವಿಷವಲ್ಲ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಇದರ ಅಣ್ಣನಂತಿರುವ ಕಾರ್ಟಿಸೋನನ್ನು ಸಂಧಿವಾತದ ರೋಗಿಯೊಬ್ಬರಿಗೆ ಮೊದಲ ಬಾರಿಗೆ ಕೊಟ್ಟಾಗ, ನಡೆಯಲಾಗದೆ ಇದ್ದವರು ಕೆಲವೇ ದಿನಗಳಲ್ಲಿ ಓಡಾಡಿದರು. 1950ರಲ್ಲಿ ಅದಕ್ಕೆ ನೊಬೆಲ್ ಬಂತು. ಉಬ್ಬಸ, ಕೆಲವು ಚರ್ಮ ಮತ್ತು ಕಿಡ್ನಿ ಕಾಯಿಲೆಗಳಲ್ಲಿ ಈ ಜಾತಿಯ ಔಷಧಿ ಇಂದಿಗೂ ಜೀವ ಉಳಿಸುತ್ತದೆ. ಗುಣ ಕಂಡಷ್ಟು ಬೇಗ ದೋಷ ಕಾಣದಿರುವುದೇ ತೊಂದರೆ.

‘ದಿನಾ ರಾಗಿಮುದ್ದೆ ತಿನ್ನೋರು ಸಾರ್ ಇವರು’ ಎಂದು ನಾವು ವಾದಿಸಿದ್ದೆವು. ನಿಜ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದರೆ ಸ್ಟಿರಾಯ್ಡ್ ಕರುಳು ಕ್ಯಾಲ್ಸಿಯಂ ಹೀರುವುದನ್ನು ತಗ್ಗಿಸುತ್ತದೆ, ಮೂತ್ರದಲ್ಲಿ ಹೆಚ್ಚು ಹೋಗುವಂತೆ ಮಾಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಹೊಸ ಮೂಳೆ ಕಟ್ಟುವ ಜೀವಕೋಶಗಳನ್ನೇ ಕುಗ್ಗಿಸುತ್ತದೆ. ಗಾರೆಯವರೇ ಇಲ್ಲದ ಮೇಲೆ ಇಟ್ಟಿಗೆ ತಂದು ಒಟ್ಟಿ ಏನು ಫಲ? ಬೆನ್ನುಮಣಿ, ಪಕ್ಕೆಲುಬಿನ ಒಳಗಿನ ಜಾಲರಿಯಂಥ ಮೂಳೆ ಮೊದಲು ಸವೆಯುತ್ತದೆ. ಕೆಂಪುಮೂತಿ ಹುಳು ಹೊಕ್ಕ ತೆಂಗಿನ ಮರದ ಹಾಗೆ, ಸುಳಿ ವಾಲುವವರೆಗೆ ಹೊರಗೆ ಗೊತ್ತಾಗುವುದಿಲ್ಲ. ಮೊದಲ ಮೂರರಿಂದ ಆರು ತಿಂಗಳಲ್ಲೇ ಸವೆತ ಅತಿ ವೇಗ.

ದಿನಕ್ಕೆ 2.5 ಮಿಲಿಗ್ರಾಂನಷ್ಟು ಪ್ರೆಡ್ನಿಸೊಲೋನನ್ನು ಮೂರು ತಿಂಗಳು ದಾಟಿ ತೆಗೆದುಕೊಳ್ಳುವವರಿಗೂ ಮೂಳೆ ಮುರಿಯುವ ಅಪಾಯ ಎಷ್ಟಿದೆ ಎಂದು ಲೆಕ್ಕ ಹಾಕಬೇಕು ಎನ್ನುತ್ತದೆ ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆಯ ಮಾರ್ಗಸೂಚಿ. ಅವ್ವ ನುಂಗುತ್ತಿದ್ದದ್ದು ಅದರ ನಾಲ್ಕರಷ್ಟು, ಎರಡು ವರ್ಷ. ಮುಟ್ಟು ನಿಂತ ಹೆಂಗಸರಿಗಂತೂ ಮೂಳೆ ಮೊದಲೇ ಸವೆಯುತ್ತಿರುತ್ತದೆ.

ಭಯಬಿದ್ದು ‘ಇವತ್ತೇ ನಿಲ್ಲಿಸ್ತೀವಿ’ ಅಂದೆವು. ಡಾಕ್ಟರು ಗದರಿದರು. ತಿಂಗಳುಗಟ್ಟಲೆ ಹೊರಗಿನಿಂದ ಸ್ಟಿರಾಯ್ಡ್ ಬಂದರೆ ದೇಹದ ಅಡ್ರಿನಲ್ ಗ್ರಂಥಿ ತನ್ನ ಕೆಲಸ ಮರೆತಿರುತ್ತದೆ, ತಟ್ಟನೆ ಬಿಟ್ಟರೆ ಜೀವಕ್ಕೇ ಅಪಾಯ. ಇಳಿಸುವುದಿದ್ದರೆ ಡಾಕ್ಟರು ಹೇಳಿದಂತೆ ಮೆಲ್ಲಗೆ.

ಬೆಂಗಳೂರಿನಲ್ಲಿ ಡೆಕ್ಸಾ ಸ್ಕ್ಯಾನ್ ಆಯಿತು. ಈಗ ಸಂಧಿವಾತಕ್ಕೆ ಬೇರೆ ಔಷಧಿ, ಕ್ಯಾಲ್ಸಿಯಂ, ವಿಟಮಿನ್ ಡಿ ಇವೆ. ಮೂಳೆಗೆ ವಾರಕ್ಕೊಂದು ಮಾತ್ರೆ, ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ ನೀರಿನ ಜೊತೆ. ಆಮೇಲೆ ಅರ್ಧ ಗಂಟೆ ಮಲಗುವಂತಿಲ್ಲ, ಕಾಫಿಯೂ ಇಲ್ಲ. ಆ ಅರ್ಧ ಗಂಟೆ ಅವ್ವನಿಗೆ ದೊಡ್ಡ ಶಿಕ್ಷೆ. ಕುಸಿದ ಮಣಿಗಳು ಮತ್ತೆ ಎದ್ದು ನಿಲ್ಲುವುದಿಲ್ಲ. ಉಳಿದವನ್ನು ಕಾಯಬೇಕು, ಅಷ್ಟೆ. ಮಂಕರಿ ಈಗ ನಾವು ಎತ್ತುತ್ತೇವೆ.

ಮೊನ್ನೆ ಪಕ್ಕದ ಮನೆಯ ಅಜ್ಜಿ ಉಬ್ಬಸದ ಮಾತ್ರೆಯ ಖಾಲಿ ಪಟ್ಟಿ ಹಿಡಿದು ಬಂತು. ‘ಪ್ಯಾಟೆಗೆ ಹೋದ್ರೆ ಇದ್ನೇ ತಂದ್ಕೊಡ್ರವ್ವ’ ಎಂದಿತು. ನಾವು ಕೈ ಚಾಚುವ ಮೊದಲೇ ಅವ್ವ ಅದನ್ನು ಇಸಿದುಕೊಂಡು, ಬೆಳಕಿಗೆ ಹಿಡಿದು ಹೆಸರು ಓದಿಸಿದಳು. ಆಮೇಲೆ ಕೇಳಿದಳು:

‘ಇದ್ನ ಎಷ್ಟು ತಿಂಗ್ಳಿಂದ ನುಂಗ್ತಿದೀಯಜ್ಜಿ? ಡಾಕ್ಟರ ತಾವ ಹೋಗಿ ಎಷ್ಟು ದಿನಾತು?’