ಹಂದನಕೆರೆಗೆ ಬ್ಯಾಟರಿ ಕಾರು ಬಂದೀತೆ?

ಕೆ.ಬಿ. ಕ್ರಾಸ್ ದಾಟಿದರೆ ರಸ್ತೆಯ ಇಬ್ಬದಿಗೂ ತೆಂಗೇ ತೆಂಗು. ಈ ಸೀಮೆಯ ಹಂದನಕೆರೆಯವರೆಗೆ ಬ್ಯಾಟರಿ ಕಾರು ಬಂದೀತೆ? ನಡುದಾರಿಯಲ್ಲಿ ನಿಂತರೆ ಎತ್ತು ಕಟ್ಟಿ ಎಳೆಸಬೇಕೇ ಎಂದು ನಗುವವರುಂಟು.

ಅನುಮಾನ ಹುಸಿಯಲ್ಲ. 2001ರಲ್ಲಿ ಮಾರುಕಟ್ಟೆಗೆ ಬಂದ ಬೆಂಗಳೂರಿನದೇ ‘ರೇವಾ’ ಒಂದು ಚಾರ್ಜಿಗೆ ಓಡುತ್ತಿದ್ದುದು ಸುಮಾರು 80 ಕಿ.ಮೀ. ಅಂದರೆ ಗುಬ್ಬಿ ಮುಟ್ಟುವುದೂ ಕಷ್ಟವೇ. ಅದರದು ಭಾರದ ಸೀಸದ ಬ್ಯಾಟರಿ. ಈಗಿನ ಲಿಥಿಯಂ ಬ್ಯಾಟರಿ ಅಷ್ಟೇ ತೂಕದಲ್ಲಿ ಹಲವು ಪಟ್ಟು ಶಕ್ತಿ ಹಿಡಿದಿಡುತ್ತದೆ. 2020ರಲ್ಲಿ ಬಂದ ನೆಕ್ಸಾನ್ ಇ.ವಿ.ಯಲ್ಲಿದ್ದುದು 30.2 ಯೂನಿಟ್.

ವಿದ್ಯಾರ್ಥಿಗಳೇ ಲೆಕ್ಕ ಹಾಕಲಿ. ಯೂನಿಟ್ಟಿಗೆ 6 ಕಿ.ಮೀ. ಎಂದು ಹಿಡಿದರೆ, ಬೆಂಗಳೂರಿನಿಂದ ಇಲ್ಲಿಗೆ ಸುಮಾರು 150 ಕಿ.ಮೀ.ಗೆ 25 ಯೂನಿಟ್ ಬೇಕು. ಬರಲು ಸಾಕು, ಮರಳಲು ಸಾಲದು. ಮನೆಯ 15 ಆಂಪಿಯರ್ ಸಾಕೆಟ್ಟಿನಿಂದ ಗಂಟೆಗೆ ಸುಮಾರು 3 ಯೂನಿಟ್ ತುಂಬುತ್ತದೆ. ಅರ್ಥಿಂಗ್ ಸರಿಯಿದ್ದು, ಕರೆಂಟು ಕೈಕೊಡದಿದ್ದರೆ, ನೆಂಟರ ಮನೆಯಲ್ಲಿ ರಾತ್ರಿ ತಂಗಿದವರು ಬೆಳಗ್ಗೆ ಹೊರಡಬಹುದು.

ಉಂಡೆ ಕೊಬ್ಬರಿಗಾಗಿ ಅಟ್ಟದ ಮೇಲಿನ ಕಾಯಿಯನ್ನು ತಿಂಗಳುಗಟ್ಟಲೆ ಕಾಯುವವರಿಗೆ ಎಂಟೊಂಬತ್ತು ಗಂಟೆ ಯಾವ ಲೆಕ್ಕ! ಆದರೆ ನಡುರಾತ್ರಿ ರೋಗಿಯನ್ನು ತುಮಕೂರಿಗೆ ಸಾಗಿಸಬೇಕಾದವರು ಮೊದಲು ನೋಡುವುದು, ಕಾರಿನಲ್ಲಿ ಇನ್ನೆಷ್ಟು ಯೂನಿಟ್ ಉಳಿದಿದೆ ಎಂದು.